ಕಾರಿನ ಸ್ಟೀರಿಯೊ ಹಾಡ್ತಿಲ್ವಾ? ಮೊದಲು ಅದರ ಇಸವಿ ಕೇಳಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

 

ಇವತ್ತಿನ ವಿಷಯ ಕಾರಿನ ಸ್ಟೀರಿಯೊ. ಮೂರು ದೂರುಗಳನ್ನ ನಾನು ಎಲ್ಲಿ ಹೋದ್ರೂ ಕೇಳ್ತೀನಿ. ಒಂದು, ಪೆನ್‌ಡ್ರೈವ್ ಹಾಕಿದ್ರೆ ‘ನೋ ಫೈಲ್’ ಅಂತ ಬರುತ್ತೆ. ಎರಡು, ಬ್ಲೂಟೂತ್ ಕನೆಕ್ಟ್ ಆಗುತ್ತೆ, ಕಾಲ್ ಕೂಡ ಬರುತ್ತೆ, ಆದ್ರೆ ಹಾಡು ಮಾತ್ರ ಫೋನಲ್ಲೇ ಕೇಳಿಸುತ್ತೆ. ಮೂರು, ಹಾಡೇನೋ ಬರುತ್ತೆ, ಕನ್ನಡದ ಹೆಸರೆಲ್ಲ ಚೌಕ ಚೌಕವಾಗಿ ಕಾಣುತ್ತೆ. ಅಂಗಡಿಗೆ ಹೋದ್ರೆ ಮೂರಕ್ಕೂ ಒಂದೇ ಉತ್ತರ: ‘ಸೆಟ್ ಹೋಗಿದೆ ಸಾರ್, ಹೊಸದು ಹಾಕ್ಸಿ.’

ನನ್ನ ಪ್ರಕಾರ ಹೊಸದು ಹಾಕಿಸೋಕೆ ಮುಂಚೆ ಕೇಳಬೇಕಾದ ಪ್ರಶ್ನೆ ಒಂದಿದೆ. ಈ ಸೆಟ್ ಯಾವ ಇಸವಿಯದು? ನಾವು ಫೋನನ್ನ 3–4 ವರ್ಷಕ್ಕೆ ಬದಲಾಯಿಸ್ತೀವಿ. ಕಾರು 10–15 ವರ್ಷ ಓಡುತ್ತೆ. ಫ್ಯಾಕ್ಟರಿಯಿಂದ ಹೊರಬಿದ್ದ ದಿನ ಸ್ಟೀರಿಯೊ ಏನು ಕಲಿತಿತ್ತೋ, ಸಾಮಾನ್ಯವಾಗಿ ಕೊನೇವರೆಗೂ ಅಷ್ಟೇ ಅದರ ವಿದ್ಯೆ. 2012ರ ಸ್ಟೀರಿಯೊಗೆ ಈ ವರ್ಷದ ಪೆನ್‌ಡ್ರೈವ್ ಚುಚ್ಚೋದು ಅಂದ್ರೆ, ಅಜ್ಜನ ಹತ್ರ ಮೊಮ್ಮಗ ಇವತ್ತಿನ ಪಡ್ಡೆ ಭಾಷೆಯಲ್ಲಿ ಮಾತಾಡಿದ ಹಾಗೆ. ಅಜ್ಜನ ಕಿವಿ ಚೆನ್ನಾಗೇ ಇರುತ್ತೆ, ಮಾತು ಅರ್ಥ ಆಗಿರಲ್ಲ. ಹಾಗಾಗಿ ಇವತ್ತು ರಿಪೇರಿ ಮತ್ತು ಚರಿತ್ರೆ ಎರಡನ್ನೂ ಒಟ್ಟಿಗೆ ಹೇಳ್ತೀನಿ.

ಮೊದಲ ತೊಂದರೆ: ಕರ್ಕಶ ಸದ್ದು

1930. ಅಮೆರಿಕದ ಷಿಕಾಗೊದಲ್ಲಿ ಪಾಲ್ ಗ್ಯಾಲ್ವಿನ್ ಅನ್ನೋ ಉದ್ಯಮಿ ಕಾರಿನೊಳಗೆ ರೇಡಿಯೊ ಕೂರಿಸೋಕೆ ಹೊರಟಿದ್ರು. ದೊಡ್ಡ ತಲೆನೋವು ಏನಾಗಿತ್ತು ಗೊತ್ತಾ? ಎಂಜಿನ್ನೇ. ಸ್ಪಾರ್ಕ್ ಪ್ಲಗ್ ಒಂದೊಂದು ಸಲ ಕಿಡಿ ಹಾರಿಸಿದಾಗ್ಲೂ ರೇಡಿಯೊದಲ್ಲಿ ಚಟಪಟ ಸದ್ದು. ಆ ಸದ್ದನ್ನ ಅಡಗಿಸೋ ಬಿಡಿಭಾಗ ಹಾಕಿ, ತಮ್ಮ ಸ್ಟುಡಿಬೇಕರ್ ಕಾರಿನಲ್ಲೇ ರೇಡಿಯೊ ಕೂರಿಸಿ, ಅಟ್ಲಾಂಟಿಕ್ ಸಿಟಿಯಲ್ಲಿ ನಡೀತಿದ್ದ ರೇಡಿಯೊ ತಯಾರಕರ ಸಮಾವೇಶಕ್ಕೆ ಓಡಿಸ್ಕೊಂಡು ಹೋದ್ರು. ಒಳಗೆ ಅವರಿಗೆ ಮಳಿಗೆ ಇರಲಿಲ್ಲ. ಹೊರಗೆ ಕಾರು ನಿಲ್ಲಿಸಿ ರೇಡಿಯೊ ಜೋರಾಗಿ ಹಾಕಿದ್ರು, ಆರ್ಡರ್ ಬಂತು. ಆ ರೇಡಿಯೊಗೆ ಇಟ್ಟ ಹೆಸರು ಮೊಟೊರೊಲಾ. ಮುಂದೆ ಅದೇ ಕಂಪನಿಯ ಹೆಸರೂ ಆಯ್ತು.

ಆ ಚಟಪಟ ಸದ್ದಿನ ತಮ್ಮ ಇವತ್ತಿಗೂ ಬದುಕಿದ್ದಾನೆ. ಫೋನನ್ನ ಕಾರಿನ ಚಾರ್ಜರ್‌ಗೆ ಹಾಕಿ, ಅದೇ ಫೋನಿಂದ ಆಕ್ಸ್ ವೈರಲ್ಲಿ ಹಾಡು ಹಾಕಿದಾಗ ‘ಕುಂಯ್’ ಅಂತ ಸಣ್ಣ ಸದ್ದು ಬರುತ್ತಾ? ಆಕ್ಸಿಲರೇಟರ್ ಒತ್ತಿದ ಹಾಗೆ ಆ ಸದ್ದೂ ಏರುತ್ತಾ? ಅದು ಆಲ್ಟರ್ನೇಟರ್‌ನ ಸದ್ದು, ಚಾರ್ಜರ್ ದಾರಿಯಲ್ಲಿ ಒಳಗೆ ಬರ್ತಿದೆ. ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತ್ರೆ ಸ್ಟೀರಿಯೊ ಸರಿಯಾಗಿದೆ ಅಂತ ಅರ್ಥ. ಗ್ರೌಂಡ್ ಲೂಪ್ ಐಸೊಲೇಟರ್ ಅನ್ನೋ ಒಂದು ಸಣ್ಣ ಡಬ್ಬಿ ಸಿಗುತ್ತೆ, ಆಕ್ಸ್ ವೈರಿಗೆ ಅದನ್ನ ಹಾಕಿದ್ರೆ ಸಾಕಾಗುತ್ತೆ.

ಎಲ್ಲರ ಕಾರಲ್ಲೂ ಓಡಿದ ಕ್ಯಾಸೆಟ್

ಫಿಲಿಪ್ಸ್ ಕಂಪನಿಯ ಲೂ ಒಟೆನ್ಸ್ ಅವರ ತಂಡ ರೂಪಿಸಿದ ಕ್ಯಾಸೆಟ್ 1963ರಲ್ಲಿ ಬರ್ಲಿನ್‌ನ ಪ್ರದರ್ಶನದಲ್ಲಿ ಹೊರಬಂತು. ಆಮೇಲೆ ಫಿಲಿಪ್ಸ್ ತೆಗೆದುಕೊಂಡ ಒಂದು ತೀರ್ಮಾನ ನಮ್ಮ ಕಥೆಗೆ ಬಹಳ ಮುಖ್ಯ. ಬೇರೆ ಕಂಪನಿಗಳೂ ಇದೇ ಅಳತೆಯ ಕ್ಯಾಸೆಟ್ ಮಾಡ್ಕೊಳ್ಳಿ ಅಂತ ದುಡ್ಡು ಕೇಳದೆ ಬಿಟ್ಟುಕೊಡ್ತು. ಅದರಿಂದ ಏನಾಯ್ತು? ಜಪಾನಿನ ಟೇಪ್‌ರೆಕಾರ್ಡರ್, ದಿಲ್ಲಿಯಲ್ಲಿ ಮಾಡಿದ ಕ್ಯಾಸೆಟ್, ಹುಬ್ಬಳ್ಳಿಯ ಟ್ಯಾಕ್ಸಿ, ಎಲ್ಲಾ ಕಡೆ ಒಂದೇ ಅಳತೆ.

ಕನ್ನಡಕ್ಕೆ ಇದರ ಲಾಭ ದೊಡ್ಡದು. 1978ರಲ್ಲಿ ಬಂದ ಕೆ.ಎಸ್. ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ವನ್ನ ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಅಂತ ಗುರುತಿಸ್ತಾರೆ. ಸಂಗೀತ ಮೈಸೂರು ಅನಂತಸ್ವಾಮಿ ಅವರದು. ಪುಸ್ತಕದಲ್ಲಿದ್ದ ಕವಿತೆ ಕಾರಿಗೂ ಲಾರಿಗೂ ಹೋಟೆಲಿಗೂ ಬಂತು. ಈ ಹೆಸರನ್ನ ನೆನಪಲ್ಲಿಟ್ಕೊಳ್ಳಿ, ಸ್ವಲ್ಪ ಹೊತ್ತಲ್ಲಿ ಅದನ್ನ ಎಣಿಸೋದಿದೆ.

ಕ್ಯಾಸೆಟ್ ಕಾಲದಲ್ಲಿ ತೊಂದರೆ ಕಣ್ಣಿಗೆ ಕಾಣ್ತಿತ್ತು. ರೀಲು ಸಡಿಲವಾದ್ರೆ ಪೆನ್ಸಿಲ್ ಹಾಕಿ ಸುತ್ತೋದು. ಹೆಡ್ ಕೊಳೆಯಾದ್ರೆ ಸ್ಪಿರಿಟ್ ಹಚ್ಚಿ ಒರೆಸೋದು. ಮುಂದೆ ಬಂದ ತೊಂದರೆಗಳು ಕಣ್ಣಿಗೆ ಕಾಣಲ್ಲ. ಅದಕ್ಕೇ ಎಲ್ರೂ ‘ಸೆಟ್ ಹೋಗಿದೆ’ ಅಂತಾರೆ.

ಎಂಪಿ3 ಅಂತ ಹೆಸರಿಟ್ಟ ಮಾತ್ರಕ್ಕೆ ಎಂಪಿ3 ಆಗಲ್ಲ

ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬುರ್ಗ್ ಮತ್ತು ಜೊತೆಯವರು ವರ್ಷಗಟ್ಟಲೆ ಒಂದು ಪ್ರಶ್ನೆ ಹಿಡ್ಕೊಂಡು ಕೂತಿದ್ರು. ನಮ್ಮ ಕಿವಿಗೆ ಗೊತ್ತಾಗದ ಭಾಗವನ್ನ ಹಾಡಿಂದ ತೆಗೆದುಬಿಟ್ರೆ ಫೈಲ್ ಎಷ್ಟು ಚಿಕ್ಕದಾಗುತ್ತೆ? ಸಿ.ಡಿ.ಯಲ್ಲಿ ಒಂದು ಸೆಕೆಂಡಿಗೆ ಸುಮಾರು 1411 ಕಿಲೋಬಿಟ್ ಬೇಕು. ಎಂಪಿ3ಯಲ್ಲಿ 128 ಕಿಲೋಬಿಟ್ ಇದ್ರೂ ಹಾಡು ಕೇಳೋ ಹಾಗಿರುತ್ತೆ. ಅಂದ್ರೆ ಹನ್ನೊಂದನೇ ಒಂದು ಭಾಗ. 4 ನಿಮಿಷದ ಹಾಡು ಸುಮಾರು 4 ಎಂಬಿ. 16 ಜಿಬಿ ಪೆನ್‌ಡ್ರೈವ್‌ನಲ್ಲಿ ಸುಮಾರು 4000 ಹಾಡು. ಫೈಲಿನ ಕೊನೆಗೆ ‘ಎಂಪಿ3’ ಅಂತ ಹಾಕೋಣ ಅಂತ ಆ ತಂಡ ನಿರ್ಧರಿಸಿದ್ದು 1995ರ ಜುಲೈ 14ಕ್ಕೆ.

ಹಳೇ ಸ್ಟೀರಿಯೊಗಳಿಗೆ ಗೊತ್ತಿರೋದು ಹೆಚ್ಚಾಗಿ ಈ ಎಂಪಿ3, ಮತ್ತೆ ಮೈಕ್ರೋಸಾಫ್ಟ್‌ನ ಡಬ್ಲ್ಯೂಎಂಎ. ಇವತ್ತು ನಿಮ್ಮ ಫೋನಲ್ಲಿರೋ ಎಷ್ಟೋ ಆಡಿಯೊ ಎಂ4ಎ ಅಥವಾ ಓಪಸ್. ವಾಟ್ಸಾಪ್ ವಾಯ್ಸ್ ಮೆಸೇಜ್ ಇರೋದೂ ಓಪಸ್‌ನಲ್ಲಿ. ಓಪಸ್ ಮಾನದಂಡ ಬಂದಿದ್ದೇ 2012ರಲ್ಲಿ, ಅದಕ್ಕಿಂತ ಹಳೇ ಸೆಟ್ಟಿಗೆ ಅದು ಹೇಗೆ ಗೊತ್ತಿರುತ್ತೆ? ಕೆಲವರು ಫೈಲ್ ಹೆಸರನ್ನ ‘.ಎಂಪಿ3’ ಅಂತ ತಿದ್ದಿ ಹಾಕ್ತಾರೆ. ಡಬ್ಬಿ ಮೇಲೆ ‘ಸಕ್ಕರೆ’ ಅಂತ ಬರೆದ್ರೆ ಒಳಗಿನ ಉಪ್ಪು ಸಿಹಿಯಾಗಲ್ಲ. ಕಂಪ್ಯೂಟರಲ್ಲಿ ವಿಎಲ್‌ಸಿಯಂಥ ಉಚಿತ ಸಾಫ್ಟ್‌ವೇರ್ ಬಳಸಿ ನಿಜವಾಗಿ ಎಂಪಿ3ಗೆ ಬದಲಾಯಿಸ್ಬೇಕು.

ಅಪ್ಪಯ್ಯನ ಧ್ವನಿ ಮತ್ತು 64 ಜಿಬಿ ಪೆನ್‌ಡ್ರೈವ್

ಯುಎಸ್‌ಬಿಯ ಮೊದಲ ಆವೃತ್ತಿ ಬಂದಿದ್ದು 1996ರ ಜನವರಿಯಲ್ಲಿ. ಅದರ ಹಿಂದಿದ್ದ ಇಂಟೆಲ್ ತಂಡದಲ್ಲಿ ಗುಜರಾತಿನ ಬರೋಡಾ ಮೂಲದ ಅಜಯ್ ಭಟ್ ಇದ್ರು. ಪೆನ್‌ಡ್ರೈವ್ ಮಾರುಕಟ್ಟೆಗೆ ಬಂದಿದ್ದು 2000ದಲ್ಲಿ, ಆಗ ಅದರಲ್ಲಿ ಹಿಡೀತಿದ್ದಿದ್ದು ಬರೀ 8 ಎಂಬಿ, ಅಂದ್ರೆ ಎರಡು ಹಾಡು.

ಪೆನ್‌ಡ್ರೈವ್ ಒಳಗೆ ಫೈಲುಗಳನ್ನ ಜೋಡಿಸೋಕೆ ಒಂದು ಕ್ರಮ ಬೇಕು. ಯಾವ ಗೂಡಲ್ಲಿ ಏನಿದೆ ಅಂತ ಬರೆದಿಡೋ ಪಟ್ಟಿ ಅಂದ್ಕೊಳ್ಳಿ. 1996ರಲ್ಲಿ ವಿಂಡೋಸ್ 95ರ ಜೊತೆ ಮೈಕ್ರೋಸಾಫ್ಟ್ ತಂದ ಕ್ರಮ ಫ್ಯಾಟ್32. ಸರಳ, ಎಲ್ಲರಿಗೂ ಗೊತ್ತು, ಹಾಗಾಗಿ ಕಾರ್ ಸ್ಟೀರಿಯೊದವರೂ ಅದನ್ನೇ ಕಲಿತ್ರು. 2006ರಲ್ಲಿ ಬಂದ ಹೊಸ ಕ್ರಮ ಎಕ್ಸ್‌ಫ್ಯಾಟ್. ಅದನ್ನ ಬಳಸೋಕೆ ಮೈಕ್ರೋಸಾಫ್ಟ್‌ನಿಂದ ಲೈಸೆನ್ಸ್ ಬೇಕಿತ್ತು. 2019ರಲ್ಲಿ ಅದರ ಪೂರ್ತಿ ವಿವರ ಪ್ರಕಟವಾಗಿ, ಅದೇ ವರ್ಷ ಲಿನಕ್ಸ್‌ಗೂ ಸೇರ್ತು. ಆ ನಡುವಿನ 13 ವರ್ಷದಲ್ಲಿ ತಯಾರಾದ ಎಷ್ಟೋ ಸ್ಟೀರಿಯೊಗಳಿಗೆ ಎಕ್ಸ್‌ಫ್ಯಾಟ್ ಓದೋಕೆ ಬರಲ್ಲ. 64 ಜಿಬಿ ಮತ್ತು ಅದಕ್ಕಿಂತ ದೊಡ್ಡ ಎಷ್ಟೋ ಪೆನ್‌ಡ್ರೈವ್‌ಗಳು ಅಂಗಡಿಯಿಂದಲೇ ಎಕ್ಸ್‌ಫ್ಯಾಟ್‌ನಲ್ಲಿ ಬರ್ತವೆ. ‘ನೋ ಫೈಲ್’ ಅನ್ನೋದರ ಅರ್ಥ ಹೆಚ್ಚಿನ ಸಲ ಇಷ್ಟೇ.

ಇದು ಎಷ್ಟು ಅಪಾಯಕ್ಕೆ ಹೋಗಬಹುದು ಅಂತ ನಮ್ಮ ಚಿಕ್ಕಪ್ಪನ ಕಾರಲ್ಲಿ ನೋಡಿದ್ದೀನಿ. ಅವರು ಸಾಗರದ ಕಡೆ ಟೂರಿಸ್ಟ್ ಟ್ಯಾಕ್ಸಿ ಓಡಿಸ್ತಾರೆ. ಅವರ ತಂದೆ ತಾಳಮದ್ದಳೆ ಅರ್ಥಧಾರಿ. ಊರ ಕೂಟಗಳಲ್ಲಿ ಅವರು ಅರ್ಥ ಹೇಳಿದ್ದನ್ನ ಯಾರೋ ಕ್ಯಾಸೆಟ್‌ನಲ್ಲಿ ಹಿಡಿದಿಟ್ಟಿದ್ರು. ಅದನ್ನೆಲ್ಲ ಎಂಪಿ3 ಮಾಡಿಸಿ ಒಂದು 64 ಜಿಬಿ ಪೆನ್‌ಡ್ರೈವ್‌ಗೆ ಹಾಕಿಸಿಟ್ಟಿದ್ರು. ಕಾರಿನ ಸೆಟ್ಟು ಅದನ್ನ ಓದಲಿಲ್ಲ. ಒಂದು ಅಂಗಡಿಗೆ ಹೋದ್ವಿ. ಅಲ್ಲಿದ್ದ ಹುಡುಗ, ‘ಫಾರ್ಮ್ಯಾಟ್ ಮಾಡಿದ್ರೆ ಸರಿ ಹೋಗುತ್ತೆ ಅಂಕಲ್’ ಅಂತ ಆಗಲೇ ಲ್ಯಾಪ್‌ಟಾಪ್‌ಗೆ ಚುಚ್ಚಿದ್ದ. ಫಾರ್ಮ್ಯಾಟ್ ಅಂದ್ರೆ ಒಳಗಿರೋದೆಲ್ಲ ಅಳಿಸಿ ಹೋಗುತ್ತೆ ಅಂತ ನಾನು ಹೇಳಿದ ತಕ್ಷಣ ಚಿಕ್ಕಪ್ಪ ಪೆನ್‌ಡ್ರೈವ್ ಕಿತ್ತು ಜೇಬಿಗೆ ಹಾಕ್ಕೊಂಡ್ರು. ‘ಸೆಟ್ಟು ಹೋದ್ರೆ ಇನ್ನೊಂದು ತರಬಹುದು ಮಾರಾಯ. ಅಪ್ಪಯ್ಯನ ಧ್ವನಿ ಎಲ್ಲಿಂದ ತರೋದು?’

ಮನೆಗೆ ಬಂದು ಮೊದಲು ಎಲ್ಲವನ್ನೂ ಕಂಪ್ಯೂಟರಿಗೆ ಕಾಪಿ ಮಾಡಿದ್ವಿ. ಆಮೇಲೆ ಬೇರೆ 16 ಜಿಬಿ ಪೆನ್‌ಡ್ರೈವ್ ತಗೊಂಡು, ಅದನ್ನ ಫ್ಯಾಟ್32ರಲ್ಲಿ ಫಾರ್ಮ್ಯಾಟ್ ಮಾಡಿ, ಅದಕ್ಕೆ ಹಾಕಿದ್ವಿ. ಹಳೇ ಸೆಟ್ಟೇ ಓದ್ತು.

ಒಂದು ತಮಾಷೆ ಕೇಳಿ. ಫ್ಯಾಟ್32 ನಿಜಕ್ಕೂ 2 ಟಿಬಿವರೆಗೆ ನಿಭಾಯಿಸುತ್ತೆ. ಆದ್ರೆ ವಿಂಡೋಸ್‌ನ ಫಾರ್ಮ್ಯಾಟ್ ಕಿಟಕಿ 32 ಜಿಬಿಗಿಂತ ದೊಡ್ಡದಕ್ಕೆ ಫ್ಯಾಟ್32 ಆಯ್ಕೆಯನ್ನೇ ತೋರಿಸ್ತಿರಲಿಲ್ಲ. ಆ ಕಿಟಕಿ ಬರೆದವರು ಮೈಕ್ರೋಸಾಫ್ಟ್‌ನಲ್ಲಿದ್ದ ಡೇವ್ ಪ್ಲಮರ್. 1990ರ ದಶಕದಲ್ಲಿ ತಾತ್ಕಾಲಿಕವಾಗಿ ಅಂತ ತಾವು ಹಾಕಿದ ಮಿತಿ ಅದು ಅಂತ ಅವರೇ ಹೇಳ್ಕೊಂಡಿದ್ದಾರೆ. ಮೈಕ್ರೋಸಾಫ್ಟ್ ಆ ಮಿತಿಯನ್ನ ಕಮಾಂಡ್ ಲೈನ್‌ನಲ್ಲಿ ಸಡಿಲಿಸೋ ಬದಲಾವಣೆಯನ್ನ ವಿಂಡೋಸ್ 11ರ ಪರೀಕ್ಷಾ ಆವೃತ್ತಿಯಲ್ಲಿ ತಂದಿದ್ದು 2024ರಲ್ಲಿ. ತಾತ್ಕಾಲಿಕ ಅಂದಿದ್ದು ಹತ್ತಿರ ಹತ್ತಿರ 30 ವರ್ಷ ನಿಂತುಬಿಡ್ತು.

ಇನ್ನೊಂದು ಸಣ್ಣ ಗೊಂದಲ. ‘ಹಾಡುಗಳು ಅಡ್ಡಾದಿಡ್ಡಿ ಕ್ರಮದಲ್ಲಿ ಬರ್ತವೆ’ ಅಂತಾರೆ. ಫ್ಯಾಟ್ ಪಟ್ಟಿಯಲ್ಲಿ ಫೈಲುಗಳು ನೀವು ಕಾಪಿ ಮಾಡಿದ ಕ್ರಮದಲ್ಲಿ ಸೇರ್ತವೆ. ಎಷ್ಟೋ ಸ್ಟೀರಿಯೊಗಳು ಅದನ್ನ ಅಕಾರಾದಿಯಾಗಿ ಜೋಡಿಸದೆ ಹಾಗೇ ಓದಿಬಿಡ್ತವೆ. ಪೆನ್‌ಡ್ರೈವ್ ಖಾಲಿ ಮಾಡಿ, ಬೇಕಾದ ಕ್ರಮದಲ್ಲೇ ಒಂದೊಂದಾಗಿ ಕಾಪಿ ಮಾಡಿದ್ರೆ ಸರಿ ಹೋಗುತ್ತೆ.

‘ನಿತ್ಯೋತ್ಸವ’ಕ್ಕೆ ಸರಿಯಾಗಿ 30

ಈಗ ಆ ಚೌಕಗಳ ವಿಷಯ. ಎಂಪಿ3 ಫೈಲಿನೊಳಗೆ ಹಾಡಿನ ಹೆಸರು ಬರೆಯೋ ಪದ್ಧತಿ ಮೊದಲು ಬಂದಿದ್ದು 1996ರಲ್ಲಿ, ಎರಿಕ್ ಕೆಂಪ್ ಅವರಿಂದ. ಅದರ ಹೆಸರು ಐಡಿ3. ಫೈಲಿನ ಕೊನೆಗೆ ಒಟ್ಟು 128 ಬೈಟ್ ಜಾಗ. ಅದರಲ್ಲಿ ಹಾಡಿನ ಹೆಸರಿಗೆ 30 ಬೈಟ್. ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು. ಕನ್ನಡಕ್ಕೆ? ಯುನಿಕೋಡ್‌ನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಲ್ಲೇ ಇತ್ತು. ಆದ್ರೆ ಇವತ್ತು ಎಲ್ಲೆಡೆ ಬಳಸೋ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು.

ಎಣಿಸೋಣ ಬನ್ನಿ. ‘ನಿತ್ಯೋತ್ಸವ’. ನ, ಗುಡಿಸು, ತ, ಅರ್ಧಾಕ್ಷರದ ಚಿಹ್ನೆ, ಯ, ಓಕಾರ, ತ, ಮತ್ತೆ ಅರ್ಧಾಕ್ಷರದ ಚಿಹ್ನೆ, ಸ, ವ. ಹತ್ತು ಚಿಹ್ನೆ, 30 ಬೈಟ್. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ಟಿನ ಹೆಸರು ಬರೆದ್ರೆ ಆ ಜಾಗ ತುಂಬಿತು, ಇನ್ನೊಂದು ಅಕ್ಷರಕ್ಕೂ ಎಡೆಯಿಲ್ಲ. ಆ ಪೆಟ್ಟಿಗೆಯನ್ನ ಕಲ್ಪಿಸಿಕೊಂಡವರ ಕಣ್ಣೆದುರು ಇದ್ದಿದ್ದು ಇಂಗ್ಲಿಷ್ ಹೆಸರುಗಳು.

ಆಮೇಲೆ ಬಂದ ಐಡಿ3ಯ ಎರಡನೇ ಆವೃತ್ತಿ ಯುನಿಕೋಡ್‌ಗೂ ಉದ್ದ ಹೆಸರಿಗೂ ಜಾಗ ಕೊಡ್ತು. ಆದರೂ ಕಾರಿನ ಸೆಟ್ಟಿನೊಳಗೆ ಕನ್ನಡ ಫಾಂಟ್ ಇಲ್ಲದೇ ಹೋದ್ರೆ, ಒತ್ತಕ್ಷರ ಜೋಡಿಸೋ ಜಾಣ್ಮೆ ಇಲ್ಲದೇ ಹೋದ್ರೆ, ಬರೋದು ಚೌಕವೇ. ಹಳೇ ಸೆಟ್ಟಿಗೆ ಸದ್ಯದ ಪರಿಹಾರ: ಪೆನ್‌ಡ್ರೈವ್‌ನ ಪ್ರತಿಯಲ್ಲಿ ಹೆಸರುಗಳನ್ನ ಇಂಗ್ಲಿಷ್ ಲಿಪಿಯಲ್ಲಿ ಬರೀರಿ, ಮನೆಯ ಮೂಲ ಪ್ರತಿಯಲ್ಲಿ ಕನ್ನಡದಲ್ಲೇ ಇಡಿ. ಹೊಸ ಸೆಟ್ ಕೊಳ್ಳೋವಾಗ ಮಾತ್ರ, ಕನ್ನಡ ಹೆಸರಿರೋ ಒಂದು ಪೆನ್‌ಡ್ರೈವ್ ಜೇಬಲ್ಲಿಟ್ಕೊಂಡು ಹೋಗಿ, ಅಂಗಡಿಯಲ್ಲೇ ಹಾಕಿ ನೋಡಿ. ಬರಲ್ಲ ಅಂದ್ರೆ ‘ಯಾಕೆ ಬರಲ್ಲ’ ಅಂತ ಕೇಳಿ. ಕೇಳೋ ಗಿರಾಕಿ ಇಲ್ಲದಿದ್ರೆ ಮಾಡೋರು ಯಾರೂ ಇರಲ್ಲ.

ವೈರ್ ಹಾಕಿದ್ರೂ ಫೋನ್ ಯಾಕೆ ಕಾಣಲ್ಲ?

2011ರವರೆಗೆ ಬಹಳಷ್ಟು ಆಂಡ್ರಾಯ್ಡ್ ಫೋನುಗಳನ್ನ ವೈರಲ್ಲಿ ಸಿಕ್ಕಿಸಿದ್ರೆ ಪೆನ್‌ಡ್ರೈವ್ ಥರಾನೇ ಕಾಣ್ತಿದ್ವು. ಅದರಲ್ಲೊಂದು ತೊಡಕಿತ್ತು. ಮೆಮೊರಿಯನ್ನ ಕಂಪ್ಯೂಟರಿಗೆ ಬಿಟ್ಟುಕೊಟ್ಟಷ್ಟು ಹೊತ್ತು ಫೋನ್ ತಾನೇ ಅದನ್ನ ಬಳಸೋ ಹಾಗಿರಲಿಲ್ಲ. ಹಾಗಾಗಿ ಆಂಡ್ರಾಯ್ಡ್ ಎಂಟಿಪಿ ಅನ್ನೋ ಬೇರೆ ಪದ್ಧತಿಗೆ ಹೋಯ್ತು. ಹಳೇ ಸ್ಟೀರಿಯೊಗೆ ಎಂಟಿಪಿ ಗೊತ್ತಿಲ್ಲ. ಅದಕ್ಕೇ ಫೋನ್ ಚಾರ್ಜ್ ಆಗುತ್ತೆ, ಹಾಡಲ್ಲ. ಚಾರ್ಜ್ ಕೂಡ ನಿಧಾನ, ಯಾಕಂದ್ರೆ ಯುಎಸ್‌ಬಿ 2.0 ಮೂಲತಃ ಕೊಡೋದು ಅರ್ಧ ಆಂಪಿಯರ್. ಇಂಥ ಸೆಟ್ಟಿಗೆ ಪೆನ್‌ಡ್ರೈವೇ ಸರಿ.

2014ರಲ್ಲಿ ಘೋಷಣೆಯಾದ ಆಂಡ್ರಾಯ್ಡ್ ಆಟೋ, ಆ್ಯಪಲ್ ಕಾರ್‌ಪ್ಲೇ ಇರೋ ಕಾರಾದ್ರೆ ಮೊದಲು ವೈರ್ ಬದಲಾಯಿಸಿ ನೋಡಿ. ರಸ್ತೆಬದಿಯಲ್ಲಿ ಸಿಗೋ ಕೆಲವು ಅಗ್ಗದ ವೈರುಗಳಲ್ಲಿ ಕರೆಂಟಿನ ತಂತಿ ಇರುತ್ತೆ, ಡೇಟಾ ತಂತಿ ಇರಲ್ಲ.

ರಾಜನ ಹೆಸರಿನ ಬ್ಲೂಟೂತ್

ಬ್ಲೂಟೂತ್ ಕೆಲಸ ಶುರುವಾಗಿದ್ದು 1994ರಲ್ಲಿ, ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ. ಹೆಸರು ಹತ್ತನೇ ಶತಮಾನದ ಡೆನ್ಮಾರ್ಕಿನ ರಾಜ ಹರಾಲ್ಡ್‌ನದು, ಸೂಚಿಸಿದವರು ಇಂಟೆಲ್‌ನ ಜಿಮ್ ಕರ್ಡಾಕ್. 1998ರಲ್ಲಿ ಎರಿಕ್ಸನ್, ನೋಕಿಯಾ, ಇಂಟೆಲ್, ಐಬಿಎಂ, ತೋಷಿಬಾ ಸೇರಿ ಸಂಘ ಕಟ್ಟಿದಾಗ ಕಣ್ಣೆದುರಿದ್ದ ಒಂದು ಮುಖ್ಯ ಕೆಲಸ ಫೋನು ಮತ್ತು ಹೆಡ್‌ಸೆಟ್ ನಡುವೆ ವೈರಿಲ್ಲದೆ ಮಾತು ದಾಟಿಸೋದು. ಸ್ಟೀರಿಯೊ ಸಂಗೀತಕ್ಕೆ ಬೇರೆಯೇ ನಿಯಮ ಬಂದಿದ್ದು 2003ರಲ್ಲಿ, ಅದರ ಹೆಸರು ಎ2ಡಿಪಿ.

ಕಾಲ್ ಬರುತ್ತೆ, ಹಾಡು ಬರಲ್ಲ ಅನ್ನೋದರ ಗುಟ್ಟು ಇಲ್ಲಿದೆ. ಮಾತು ಒಂದು ದಾರಿ, ಹಾಡು ಇನ್ನೊಂದು ದಾರಿ. ಕೆಲವು ಹಳೇ ಸೆಟ್ಟುಗಳಲ್ಲಿ ಮಾತಿನ ದಾರಿ ಮಾತ್ರ ಇರುತ್ತೆ. ಎರಡೂ ಇದ್ರೆ ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ಕಾರಿನ ಹೆಸರಿನ ಪಕ್ಕದ ಚಿಹ್ನೆ ಒತ್ತಿ ನೋಡಿ. ‘ಕಾಲ್ಸ್’ ಮತ್ತು ‘ಮೀಡಿಯಾ ಆಡಿಯೊ’ ಅಂತ ಎರಡು ಸ್ವಿಚ್ ಇರುತ್ತೆ. ಎರಡನೇದು ಆಫ್ ಆಗಿದ್ರೆ ಆನ್ ಮಾಡಿ, ಮುಗೀತು.

ಹಾಡು ಹಳೇ ಲ್ಯಾಂಡ್‌ಲೈನ್ ಥರ ಕೇಳಿಸ್ತಿದ್ರೆ, ಯಾವುದೋ ಆ್ಯಪ್ ಮೈಕ್ ಹಿಡ್ಕೊಂಡು ಕೂತಿರುತ್ತೆ, ಹಾಗಾಗಿ ಸದ್ದು ಮಾತಿನ ದಾರಿಯಲ್ಲಿ ಬರ್ತಿರುತ್ತೆ. ಅದನ್ನ ಮುಚ್ಚಿ. ಹಾಡಿನ ಹೆಸರು ತೆರೆಮೇಲೆ ಬರದಿದ್ರೆ ಅದಕ್ಕೂ ಇಸವಿ ಇದೆ: ಹೆಸರು ಕಳಿಸೋ ನಿಯಮ ಎವಿಆರ್‌ಸಿಪಿ 1.3 ಬಂದಿದ್ದು 2007ರಲ್ಲಿ. ಜೋಡಿಯಾಗೋದೇ ಕಷ್ಟ ಅಂದ್ರೆ ಫೋನಲ್ಲೂ ಕಾರಲ್ಲೂ ಎರಡೂ ಕಡೆ ಹೆಸರು ಅಳಿಸಿ, ಹೊಸದಾಗಿ ಜೋಡಿಸಿ. ಒಂದೇ ಕಡೆ ಅಳಿಸಿದ್ರೆ ಹಳೇ ಕೀಲಿ ಹೊಸ ಬೀಗಕ್ಕೆ ಹಾಕಿದ ಹಾಗೆ. ತುಂಬ ಹಳೇ ಸೆಟ್ಟು ಪಿನ್ ಕೇಳಿದ್ರೆ 0000 ಅಥವಾ 1234 ಹಾಕಿ ನೋಡಿ.

ಬ್ಲೂಟೂತ್ ಇನ್ನೊಂದು ಕೆಲಸಾನೂ ಮಾಡುತ್ತೆ, ಇದನ್ನ ದಯವಿಟ್ಟು ಗಮನಿಸಿ. ನೀವು ‘ಅಲೋ’ ಒತ್ತಿದ್ರೆ ನಿಮ್ಮ ಕಾಂಟ್ಯಾಕ್ಟ್ಸ್ ಕಾರಿಗೆ ಕಾಪಿ ಆಗಬಹುದು. ಸೆಕೆಂಡ್ ಹ್ಯಾಂಡ್ ಕಾರುಗಳಲ್ಲಿ ಹಿಂದಿನ ಮಾಲೀಕರ ನಂಬರುಗಳು ಹಾಗೇ ಕೂತಿರೋದನ್ನ ನಾನೇ ನೋಡಿದ್ದೀನಿ. ಬಾಡಿಗೆ ಕಾರಲ್ಲಿ ಕಾಂಟ್ಯಾಕ್ಟ್ಸ್‌ಗೆ ‘ಬೇಡ’ ಅನ್ನಿ. ಕಾರು ಮಾರೋವಾಗ ಸ್ಟೀರಿಯೊವನ್ನ ಫ್ಯಾಕ್ಟರಿ ರೀಸೆಟ್ ಮಾಡಿ ಕೊಡಿ.

ಕೊನೇ ಮಾತು

ಚಿಕ್ಕದಾಗಿ ಹೇಳೋದಾದ್ರೆ, ಸ್ಟೀರಿಯೊ ಹಾಡದೇ ಇದ್ರೆ ಕಾರು ಪಕ್ಕಕ್ಕೆ ನಿಲ್ಲಿಸಿ. ಸೆಟ್ಟಿನ ಇಸವಿ ನೋಡಿ. ಪೆನ್‌ಡ್ರೈವ್‌ನಲ್ಲಿರೋದನ್ನ ಇನ್ನೊಂದು ಕಡೆ ಕಾಪಿ ಮಾಡಿ. ಆಮೇಲೆ ಚಿಕ್ಕ ಪೆನ್‌ಡ್ರೈವ್, ಫ್ಯಾಟ್32, ನಿಜವಾದ ಎಂಪಿ3. ಬ್ಲೂಟೂತ್ ಆದ್ರೆ ಮೀಡಿಯಾ ಸ್ವಿಚ್, ಎರಡೂ ಕಡೆ ಅಳಿಸಿ ಮರುಜೋಡಣೆ. ಇಷ್ಟಾದ್ಮೇಲೂ ಹಾಡದಿದ್ರೆ ಹೊಸ ಸೆಟ್ಟಿನ ಮಾತು.

ಈ ಚರಿತ್ರೆಯಲ್ಲಿ ನನಗೆ ಕಂಡಿದ್ದು ಇಷ್ಟು. ಬಿಟ್ಟುಕೊಟ್ಟಿದ್ದು ಬಾಳಿದೆ. ಕ್ಯಾಸೆಟ್ ಅಳತೆಯನ್ನ ಎಲ್ಲರಿಗೂ ಕೊಟ್ರು, ಅದು ಹಳ್ಳಿ ಹಳ್ಳಿ ತಲುಪಿತು. ಎಕ್ಸ್‌ಫ್ಯಾಟ್‌ಗೆ 13 ವರ್ಷ ಬೀಗ ಹಾಕಿದ್ರು, ಅದರ ದಂಡವನ್ನ ಇವತ್ತಿಗೂ ಟ್ಯಾಕ್ಸಿಯವರು ಹೊಸ ಸೆಟ್ಟಿನ ಬೆಲೆಯಾಗಿ ಕಟ್ತಿದ್ದಾರೆ. ಆ್ಯಪ್‌ನಲ್ಲಿ ತಿಂಗಳ ದುಡ್ಡು ಕಟ್ಟಿ ಕೇಳೋ ಹಾಡು ಕಟ್ಟೋದು ನಿಲ್ಲಿಸಿದ ತಿಂಗಳೇ ನಿಲ್ಲಬಹುದು. ಎಂಪಿ3ಯ ಪೇಟೆಂಟ್ ಲೈಸೆನ್ಸ್ ವ್ಯವಹಾರ 2017ರಲ್ಲೇ ಮುಗೀತು, ಈಗ ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಹಾಗಾಗಿ ಈ ಭಾನುವಾರ ಒಂದು ಕೆಲಸ ಮಾಡಿ. ಮನೆಯಲ್ಲಿ ಯಾರದಾದ್ರೂ ಧ್ವನಿ ಹಳೇ ಕ್ಯಾಸೆಟ್‌ನಲ್ಲೋ ಹಳೇ ಪೆನ್‌ಡ್ರೈವ್‌ನಲ್ಲೋ ಇದ್ಯಾ ಹುಡುಕಿ. ಅಜ್ಜಿಯ ಸೋಬಾನೆ ಪದ ಇರಬಹುದು, ಮಾವನ ಭಜನೆ ಇರಬಹುದು. ಅದನ್ನ ಎಂಪಿ3 ಮಾಡಿ, ಎರಡು ಬೇರೆ ಬೇರೆ ಜಾಗದಲ್ಲಿ ಇಟ್ಟು, ಮೂರನೇ ಪ್ರತಿಯನ್ನ ಕಾರಿಗೆ ಹಾಕಿ.